ಈ ಧೂಳಿನ ಕಣ ಯಾವ ನಕ್ಷತ್ರದ್ದು?

ಪ್ರಶ್ನೆ: ಉಲ್ಕಾಶಿಲೆಗಳ ಒಳಗೆ ಸೂರ್ಯನಿಗಿಂತ ಹಳೆಯದಾದ ಧೂಳಿನ ಕಣಗಳು ಸಿಕ್ಕಿವೆ, ಅವು ಬೇರೆ ನಕ್ಷತ್ರಗಳಿಂದ ಬಂದವು ಎಂದು ಓದಿದೆ. ಕಣ್ಣಿಗೇ ಕಾಣದಷ್ಟು ಚಿಕ್ಕ ಕಣ ಇಂಥ ನಕ್ಷತ್ರದ್ದು ಎಂದು ಹೇಗೆ ಹೇಳುತ್ತಾರೆ? ಆ ನಕ್ಷತ್ರವನ್ನು ನೋಡಿದವರು ಯಾರೂ ಇಲ್ಲವಲ್ಲ? ಇದು ಊಹೆಯೋ, ಪುರಾವೆ ಏನಾದರೂ ಇದೆಯೋ?

ಉತ್ತರ: ಪುರಾವೆ ಇದೆ. ಅದೂ ಒಂದಲ್ಲ, ಬೇರೆ ಬೇರೆ ದಾರಿಯಲ್ಲಿ ಹೊರಟು ಒಂದೇ ಉತ್ತರಕ್ಕೆ ಬಂದು ಸೇರುವ ಹಲವು ಪುರಾವೆಗಳಿವೆ. ಆಕಾಶದತ್ತ ಬೆರಳು ಮಾಡಿ ‘ಅಗೋ, ಈ ಕಣ ಆ ನಕ್ಷತ್ರದ್ದು’ ಎಂದು ಯಾರೂ ಹೇಳಲಾರರು, ನಿಜ. ಆದರೆ ಕಣ ಎಂಥ ನಕ್ಷತ್ರದಲ್ಲಿ ಹುಟ್ಟಿತು, ಆ ನಕ್ಷತ್ರ ಸೂರ್ಯನ ಎಷ್ಟು ಪಟ್ಟು ತೂಕದ್ದು, ತನ್ನ ಬಾಳಿನ ಯಾವ ಹಂತದಲ್ಲಿ ಈ ಧೂಳನ್ನು ಹೊರಗೆ ಚೆಲ್ಲಿತು ಎಂಬುದನ್ನು ಬಹಳಷ್ಟು ಕಣಗಳ ಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಕೆಲವು ಕಣಗಳು ನಕ್ಷತ್ರ ಸಿಡಿದು ಎಷ್ಟು ಕಾಲವಾದ ಮೇಲೆ ಹುಟ್ಟಿದವು ಎಂಬುದರ ಲೆಕ್ಕವೂ ಇದೆ.

ಇಷ್ಟೆಲ್ಲ ತಿಳಿಯುವುದು ಐಸೊಟೋಪ್‌ಗಳಿಂದ. ಇಂಗಾಲದ ಪ್ರತಿ ಪರಮಾಣುವಿನಲ್ಲೂ ಆರು ಪ್ರೋಟಾನ್‌ಗಳಿರುತ್ತವೆ. ನ್ಯೂಟ್ರಾನ್‌ಗಳು ಮಾತ್ರ ಕೆಲವದರಲ್ಲಿ ಆರು, ಕೆಲವದರಲ್ಲಿ ಏಳು. ಮೊದಲನೆಯದು ಇಂಗಾಲ-12, ಎರಡನೆಯದು ಇಂಗಾಲ-13. ಎರಡೂ ಒಂದೇ ರೀತಿ ಉರಿಯುತ್ತವೆ, ಒಂದೇ ರೀತಿ ಬೇರೆ ಧಾತುಗಳ ಜೊತೆ ಕೂಡುತ್ತವೆ, ತೂಕದಲ್ಲಷ್ಟೇ ವ್ಯತ್ಯಾಸ. ನಮ್ಮಲ್ಲಿ ಒಂದು ಇಂಗಾಲ-13 ಪರಮಾಣುವಿಗೆ ಸುಮಾರು 89 ಇಂಗಾಲ-12 ಪರಮಾಣುಗಳಿವೆ. ಸುಣ್ಣದಕಲ್ಲಿನಲ್ಲೂ ಹಾಗೆಯೇ, ಕಲ್ಲಿದ್ದಲಿನಲ್ಲೂ ಹಾಗೆಯೇ, ಉಣ್ಣುವ ಅನ್ನದಲ್ಲೂ ಹೆಚ್ಚುಕಡಿಮೆ ಹಾಗೆಯೇ. ಗಿಡಗಳು ಗಾಳಿಯಿಂದ ಇಂಗಾಲ ಹೀರುವಾಗ ಹಗುರವಾದದ್ದನ್ನು ಚೂರು ಹೆಚ್ಚಾಗಿ ತೆಗೆದುಕೊಳ್ಳುತ್ತವೆ. ಅದರಿಂದ ಬರುವ ಏರುಪೇರು ಶೇಕಡಾ ಎರಡು-ಮೂರರಷ್ಟು ಮಾತ್ರ.

ಉಲ್ಕಾಶಿಲೆಯನ್ನು ಇಡಿಯಾಗಿ ಪುಡಿ ಮಾಡಿ ಅಳೆದರೂ ಇದೇ 89ರ ಆಸುಪಾಸಿನ ಸಂಖ್ಯೆ ಬರುತ್ತದೆ. ಸೂರ್ಯನೂ ಗ್ರಹಗಳೂ ಹುಟ್ಟಿದ ಅನಿಲ-ಧೂಳಿನ ಮೋಡದಲ್ಲಿ ಹಳೆಯ ಸಾಮಗ್ರಿಯೆಲ್ಲ ಚೆನ್ನಾಗಿ ಬೆರೆತುಹೋಯಿತು. ಬಹುಪಾಲು ಧೂಳು ಕಾದು ಆವಿಯಾಗಿ ಮತ್ತೆ ಗಟ್ಟಿಯಾಯಿತು. ಹಾಗಾಗಿ ಸೌರವ್ಯೂಹದ ಎಲ್ಲ ವಸ್ತುವಿನಲ್ಲೂ ಐಸೊಟೋಪ್‌ಗಳ ಅನುಪಾತ ಸರಿಸುಮಾರು ಒಂದೇ. ಆದರೆ ಕೆಲವು ಉಲ್ಕಾಶಿಲೆಗಳಲ್ಲಿ ಅಡಗಿರುವ ಮೈಕ್ರಾನ್ ಗಾತ್ರದ ಕಣಗಳನ್ನು ಒಂದೊಂದಾಗಿ ಅಳೆದಾಗ ಒಂದರಲ್ಲಿ ಈ ಅನುಪಾತ 50, ಮತ್ತೊಂದರಲ್ಲಿ 5, ಇನ್ನೊಂದರಲ್ಲಿ ಸಾವಿರಕ್ಕೂ ಮೇಲೆ! ಬೆಂಕಿ, ಆಮ್ಲ, ಒತ್ತಡ ಯಾವುದೂ ಇಷ್ಟು ದೊಡ್ಡ ವ್ಯತ್ಯಾಸವನ್ನು ತರಲಾರದು. ಪರಮಾಣುವಿನ ಬೀಜವೇ ಬದಲಾಗುವ ಕಡೆ ಮಾತ್ರ ಇದು ಸಾಧ್ಯ, ಅಂದರೆ ನಕ್ಷತ್ರದ ಒಡಲಿನಲ್ಲಿ. ಸೌರವ್ಯೂಹದ ಬೆರಕೆಗೆ ಸಿಕ್ಕದೆ, ಹುಟ್ಟಿದ ಕಡೆಯ ಅನುಪಾತವನ್ನು ಹಾಗೆಯೇ ಉಳಿಸಿಕೊಂಡು ಬಂದ ಕಣಗಳಿವು.

ಇವುಗಳ ಸುಳಿವು ಮೊದಲು ಸಿಕ್ಕಿದ್ದು ಅನಿಲಗಳ ರೂಪದಲ್ಲಿ. 1964ರಲ್ಲಿ ಜಾನ್ ರೆನಾಲ್ಡ್ಸ್ ಮತ್ತು ಟರ್ನರ್, ಇಟಲಿಯಲ್ಲಿ ಬಿದ್ದಿದ್ದ ರೆನಾಟ್ಸೊ ಉಲ್ಕಾಶಿಲೆಯನ್ನು ಕಾಯಿಸಿ ಹೊರಬಂದ ಕ್ಸೆನಾನ್ ಅನಿಲವನ್ನು ಅಳೆದರು. ಅದರ ಐಸೊಟೋಪ್‌ಗಳು ಭೂಮಿಯ ಯಾವ ಕ್ಸೆನಾನ್‌ಗೂ ಹೊಂದಲಿಲ್ಲ. 1969ರಲ್ಲಿ ಬ್ಲ್ಯಾಕ್ ಮತ್ತು ಪೆಪಿನ್ ನಿಯಾನ್‌ನಲ್ಲೂ ಅಂಥದೇ ವಿಚಿತ್ರ ಕಂಡರು. ಈ ಅನಿಲವನ್ನು ಹಿಡಿದಿಟ್ಟುಕೊಂಡ ಖನಿಜ ಯಾವುದು ಎಂಬುದು ಪತ್ತೆಯಾಗಲು ಮತ್ತೆ ಎರಡು ದಶಕ ಬೇಕಾಯಿತು.

ಆ ಹುಡುಕಾಟದಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಎಡ್ವರ್ಡ್ ಆ್ಯಂಡರ್ಸ್, ರಾಯ್ ಲೂಯಿಸ್ ಮತ್ತು ಅವರ ಸಂಗಡಿಗರು ಹಿಡಿದ ದಾರಿ ಒರಟಾದದ್ದು. ಬಣವೆಯಲ್ಲಿ ಬಿದ್ದ ಸೂಜಿ ಹುಡುಕಲು ಬಣವೆಗೇ ಬೆಂಕಿ ಇಟ್ಟಂತೆ ಎಂದು ಅವರೇ ಅದನ್ನು ಬಣ್ಣಿಸುತ್ತಿದ್ದರು. ಉಲ್ಕಾಶಿಲೆಯ ಪುಡಿಯನ್ನು ಹೈಡ್ರೊಫ್ಲೋರಿಕ್ ಮತ್ತು ಹೈಡ್ರೊಕ್ಲೋರಿಕ್ ಆಮ್ಲಗಳಲ್ಲಿ ಕರಗಿಸಿದರು. ಶಿಲೆಯ ಬಹುಪಾಲು ಹೋಯಿತು. ಉಳಿದ ಡಾಂಬರಿನಂಥ ಕಪ್ಪು ವಸ್ತುವನ್ನು ಬೇರೆ ರಾಸಾಯನಿಕಗಳಿಂದ ತೆಗೆದರು. ಪ್ರತಿ ಹಂತದಲ್ಲೂ ಉಳಿದದ್ದನ್ನು ಕಾಯಿಸಿ, ಆ ವಿಚಿತ್ರ ಅನಿಲ ಇನ್ನೂ ಅದರಲ್ಲಿದೆಯೇ ಎಂದು ನೋಡಿದರು. ಅನಿಲ ಇದ್ದ ಭಾಗವನ್ನು ಇಟ್ಟುಕೊಂಡು ಮುಂದುವರಿದರು. ಕೊನೆಗೆ 1987ರಲ್ಲಿ ಕೈಗೆ ಬಂದದ್ದು ಕೆಲವೇ ನ್ಯಾನೊಮೀಟರ್ ಗಾತ್ರದ ವಜ್ರದ ಕಣಗಳು. ಅದೇ ವರ್ಷ, ಅಮೆರಿಕದ ಕೆಂಟಕಿಯಲ್ಲಿ ಬಿದ್ದಿದ್ದ ಮರ್ರೇ ಉಲ್ಕಾಶಿಲೆಯಲ್ಲಿ ಸಿಲಿಕಾನ್ ಕಾರ್ಬೈಡ್ ಸಿಕ್ಕಿತು. 1990ರಲ್ಲಿ ಗ್ರಾಫೈಟ್ ಸೇರಿಕೊಂಡಿತು.

ಇವುಗಳಲ್ಲಿ ಹೆಚ್ಚು ಮಾತಾಡಿಸಲಾಗಿರುವುದು ಸಿಲಿಕಾನ್ ಕಾರ್ಬೈಡನ್ನು. ಕಾರ್ಖಾನೆಗಳ ಸಾಣೆ ಚಕ್ರಗಳಲ್ಲಿರುವ ಗಡುಸು ವಸ್ತು ಇದೇ. ಆಮ್ಲಕ್ಕೆ ಜಗ್ಗುವುದಿಲ್ಲ, ಶಾಖಕ್ಕೆ ಬೇಗ ಸೋಲುವುದಿಲ್ಲ. ಅದಕ್ಕೇ ನಕ್ಷತ್ರಗಳ ನಡುವಿನ ದಾರಿಯನ್ನೂ, ಸೂರ್ಯ ಹುಟ್ಟಿದ ಹೊತ್ತಿನ ಬಿಸಿಯನ್ನೂ, ಪ್ರಯೋಗಾಲಯದ ಆಮ್ಲವನ್ನೂ ತಾಳಿಕೊಂಡು ಉಳಿಯಿತು. ಇಂಥ ಕಣಗಳ ದೊಡ್ಡ ಭಂಡಾರ ಮರ್ಚಿಸನ್ ಉಲ್ಕಾಶಿಲೆ. 1969ರ ಸೆಪ್ಟೆಂಬರ್ 28ರ ಬೆಳಿಗ್ಗೆ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ್ಯದ ಮರ್ಚಿಸನ್ ಊರಿನ ಸುತ್ತ ಇದರ ಚೂರುಗಳು ಬಿದ್ದವು. ಆಯ್ದದ್ದು ಸುಮಾರು 100 ಕಿಲೊ. ಆಗಷ್ಟೇ ಚಂದ್ರನ ಕಲ್ಲುಗಳಿಗಾಗಿ ಪ್ರಯೋಗಾಲಯಗಳು ಸಜ್ಜಾಗಿದ್ದವು, ಹಾಗಾಗಿ ಅಧ್ಯಯನ ತಡವಾಗಲಿಲ್ಲ. ಈ ಶಿಲೆಯಲ್ಲಿ ಸಿಲಿಕಾನ್ ಕಾರ್ಬೈಡ್ ಇರುವುದು ಹತ್ತು ಲಕ್ಷದಲ್ಲಿ ಕೆಲವೇ ಪಾಲು.

ಅಳೆಯುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೇರ್ಪಡಿಸಿದ ಕಣಗಳನ್ನು ದ್ರವದಲ್ಲಿ ತೇಲಿಸಿ, ಆ ದ್ರವದ ಹನಿಯನ್ನು ಚಿನ್ನದ ತೆಳು ತಗಡಿನ ಮೇಲೆ ಬಿಡುತ್ತಾರೆ. ಹನಿ ಆರುತ್ತದೆ, ಕಣಗಳು ತಗಡಿಗೆ ಅಂಟುತ್ತವೆ. ತಗಡನ್ನು ನಿರ್ವಾತದಲ್ಲಿಟ್ಟು ಒಂದು ಕಣದ ಮೇಲೆ ಸೀಸಿಯಮ್ ಅಯಾನುಗಳ ಸಣ್ಣ ಕಿರಣ ಹಾಯಿಸುತ್ತಾರೆ. ಕಿರಣ ಬಡಿದ ಕಡೆ ಕಣದ ಮೈಯಿಂದ ಪರಮಾಣುಗಳು ಕಿತ್ತು ಬರುತ್ತವೆ. ಅವುಗಳಲ್ಲಿ ವಿದ್ಯುದಂಶ ಪಡೆದವು ಒಂದು ಕಾಂತಕ್ಷೇತ್ರದ ಮೂಲಕ ಹಾದುಹೋಗುವಾಗ ಹಗುರವಾದವು ಹೆಚ್ಚು ಬಾಗುತ್ತವೆ, ಭಾರವಾದವು ಕಡಿಮೆ. ಹೀಗೆ ತೂಕದ ಮೇಲೆ ಬೇರೆಯಾದವನ್ನು ಒಂದೊಂದಾಗಿ ಎಣಿಸುತ್ತಾರೆ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಎರ್ನ್ಸ್ಟ್ ಜಿನ್ನರ್ ಈ ಉಪಕರಣವನ್ನು ಮೈಕ್ರಾನ್ ಗಾತ್ರದ ಕಣಕ್ಕೆ ಒಗ್ಗಿಸಿದರು. ಮುಂದೆ ಬಂದ ನ್ಯಾನೊಸಿಮ್ಸ್ ಎಂಬ ಯಂತ್ರ ಮೈಕ್ರಾನ್‌ನ ಹತ್ತನೇ ಒಂದು ಭಾಗದಷ್ಟು ಚಿಕ್ಕ ಜಾಗವನ್ನೂ ಅಳೆಯುತ್ತದೆ. ಅಳೆದಷ್ಟೂ ಕಣ ಸವೆಯುತ್ತದೆ ಎಂಬುದು ಇಲ್ಲಿನ ದೊಡ್ಡ ಕಷ್ಟ. ಇಂಗಾಲ ಮೊದಲೋ ಸಿಲಿಕಾನ್ ಮೊದಲೋ, ಟೈಟಾನಿಯಮ್‌ಗೆ ಎಷ್ಟು ಉಳಿಸಬೇಕು ಎಂದು ಮೊದಲೇ ಯೋಚಿಸಿ ಹೊರಡಬೇಕು. ಕೈತಪ್ಪಿದ ಅಳತೆಯನ್ನು ಅದೇ ಕಣದಲ್ಲಿ ಮತ್ತೆ ಮಾಡಲಾಗದು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಸಿಲಿಕಾನ್ ಕಾರ್ಬೈಡ್ ಕಣಗಳಲ್ಲಿ ಶೇಕಡಾ 90ರಷ್ಟು ಒಂದೇ ಗುಂಪಿಗೆ ಸೇರುತ್ತವೆ. ಇವು ಸೂರ್ಯನಿಗಿಂತ ಒಂದೂವರೆಯಿಂದ ಮೂರು ಪಟ್ಟು ತೂಕದ, ಮುಪ್ಪಿನ ಹಂತ ಮುಟ್ಟಿದ ಕೆಂಪು ದೈತ್ಯ ನಕ್ಷತ್ರಗಳವು. ಖಗೋಳಶಾಸ್ತ್ರಜ್ಞರು ಇವನ್ನು ಎಜಿಬಿ ನಕ್ಷತ್ರಗಳೆನ್ನುತ್ತಾರೆ. ಈ ತೀರ್ಮಾನಕ್ಕೆ ಆಧಾರಗಳು ಒಂದೊಂದಾಗಿ ಹೀಗಿವೆ.

ಮೊದಲನೆಯದು ಖನಿಜವೇ. ನಕ್ಷತ್ರದ ಹೊರಗಾಳಿ ತಣಿಯುವಾಗ ಇಂಗಾಲವೂ ಆಮ್ಲಜನಕವೂ ಮೊದಲು ಜೋಡಿಯಾಗಿ ಕಾರ್ಬನ್ ಮೊನಾಕ್ಸೈಡ್ ಆಗುತ್ತವೆ. ಆಮ್ಲಜನಕ ಹೆಚ್ಚಿದ್ದರೆ ಇಂಗಾಲವೆಲ್ಲ ಅದರಲ್ಲೇ ಮುಗಿದು, ಉಳಿದ ಆಮ್ಲಜನಕದಿಂದ ಕೊರಂಡಮ್, ಸ್ಪಿನೆಲ್, ಸಿಲಿಕೇಟ್‌ಗಳಂಥ ಕಣಗಳು ಹುಟ್ಟುತ್ತವೆ. ಇಂಗಾಲ ಹೆಚ್ಚಿದ್ದರೆ ಮಾತ್ರ ಸಿಲಿಕಾನ್ ಕಾರ್ಬೈಡ್, ಗ್ರಾಫೈಟ್. ಹಾಗಾಗಿ ಕಣದ ತಾಯಿ ಇಂಗಾಲ ಹೆಚ್ಚಿರುವ ನಕ್ಷತ್ರವಾಗಿರಬೇಕು. ಅಂಥ ನಕ್ಷತ್ರಗಳನ್ನು ನಾವು ಇಂದೂ ನೋಡುತ್ತಿದ್ದೇವೆ. ಅವುಗಳ ಸುತ್ತಲಿನ ಧೂಳು ಅವಕೆಂಪು ಬೆಳಕಿನಲ್ಲಿ 11.3 ಮೈಕ್ರಾನ್ ತರಂಗದೂರದ ಹತ್ತಿರ ಸಿಲಿಕಾನ್ ಕಾರ್ಬೈಡ್‌ನ ಗುರುತನ್ನು ತೋರಿಸುತ್ತದೆ.

ಎರಡನೆಯದು ಇಂಗಾಲದ ಅನುಪಾತ. ಈ ಗುಂಪಿನ ಬಹುಪಾಲು ಕಣಗಳಲ್ಲಿ ಅದು 40ರಿಂದ 80ರ ನಡುವೆ ಇದೆ. ದೂರದರ್ಶಕದಲ್ಲಿ ಇಂಗಾಲದ ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡಿದಾಗಲೂ ಅನುಪಾತ ಹೆಚ್ಚಾಗಿ ಇದೇ ವ್ಯಾಪ್ತಿಯಲ್ಲಿ ಸಿಗುತ್ತದೆ. ಒಂದು ಅಳತೆ ಕಲ್ಲಿನ ಕಣದಿಂದ, ಇನ್ನೊಂದು ಬೆಳಕಿನಿಂದ. ಎರಡೂ ತಾಳೆಯಾಗಿವೆ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಆಧಾರ. ಎಜಿಬಿ ನಕ್ಷತ್ರದ ಒಳಗೆ ನ್ಯೂಟ್ರಾನ್‌ಗಳು ನಿಧಾನವಾಗಿ ಬಿಡುಗಡೆಯಾಗುತ್ತವೆ. ಕಬ್ಬಿಣದಂಥ ಬೀಜ ಒಂದು ನ್ಯೂಟ್ರಾನ್ ನುಂಗುತ್ತದೆ, ಅದು ಅಸ್ಥಿರವಾದರೆ ಕ್ಷಯಿಸಿ ಮುಂದಿನ ಧಾತುವಾಗುತ್ತದೆ, ಮತ್ತೆ ನುಂಗುತ್ತದೆ. ಹೀಗೆ ಮೆಲ್ಲಗೆ ಸ್ಟ್ರಾನ್ಷಿಯಮ್, ಜಿರ್ಕೋನಿಯಮ್, ಮಾಲಿಬ್ಡಿನಮ್, ಬೇರಿಯಮ್ ತಯಾರಾಗುತ್ತವೆ. 1957ರಲ್ಲಿ ಮಾರ್ಗರೆಟ್ ಬರ್ಬಿಜ್, ಜೆಫ್ರಿ ಬರ್ಬಿಜ್, ವಿಲಿಯಮ್ ಫೌಲರ್, ಫ್ರೆಡ್ ಹಾಯ್ಲ್ ಸೇರಿ ಬರೆದ ಪ್ರಬಂಧ ಈ ನಿಧಾನ ಪ್ರಕ್ರಿಯೆಯನ್ನು ವಿವರಿಸಿತು. ಅದೇ ವರ್ಷ ಅಲಸ್ಟೇರ್ ಕ್ಯಾಮರಾನ್ ಸ್ವತಂತ್ರವಾಗಿ ಅದನ್ನೇ ಹೇಳಿದರು. ಮಾಲಿಬ್ಡಿನಮ್‌ಗೆ ಸ್ಥಿರವಾದ ಏಳು ಐಸೊಟೋಪ್‌ಗಳಿವೆ. ಅವುಗಳಲ್ಲಿ 96 ತೂಕದ್ದು ನಿಧಾನ ಪ್ರಕ್ರಿಯೆಯಿಂದ ಮಾತ್ರ ಹುಟ್ಟುತ್ತದೆ. 92, 94, 100 ತೂಕದವು ಆ ದಾರಿಯಲ್ಲಿ ಹುಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ. ಕಣಗಳನ್ನು ಲೇಸರ್‌ನಿಂದ ಆವಿ ಮಾಡಿ ಅಳೆದಾಗ ಕಂಡದ್ದೂ ಹೀಗೆಯೇ: 96 ಎದ್ದು ನಿಂತಿದೆ, 92, 94, 100 ಕುಸಿದಿವೆ. ಆ ಅಳತೆಗೂ ನಲವತ್ತು ವರ್ಷ ಮೊದಲು ಕಾಗದದ ಮೇಲೆ ಕಟ್ಟಿದ ಲೆಕ್ಕ ಒಂದೊಂದೇ ಕಣದಲ್ಲಿ ನಿಜವಾಯಿತು.

ನಾಲ್ಕನೆಯದು ಟೆಕ್ನೀಷಿಯಮ್. ಈ ಧಾತುವಿಗೆ ಸ್ಥಿರ ರೂಪವೇ ಇಲ್ಲ. ಅದರ 99 ತೂಕದ ಐಸೊಟೋಪ್‌ನ ಅರ್ಧಾಯುಷ್ಯ ಸುಮಾರು ಎರಡು ಲಕ್ಷ ವರ್ಷ. ನಕ್ಷತ್ರಗಳ ಆಯುಸ್ಸಿನ ಮುಂದೆ ಅದು ಏನೂ ಅಲ್ಲ. 1952ರಲ್ಲಿ ಪಾಲ್ ಮೆರಿಲ್ ಕೆಲವು ಕೆಂಪು ದೈತ್ಯಗಳ ಬೆಳಕಿನಲ್ಲಿ ಟೆಕ್ನೀಷಿಯಮ್ ಕಂಡಾಗ, ಧಾತುಗಳು ನಕ್ಷತ್ರದ ಒಳಗೆ ಈಗಲೂ ತಯಾರಾಗುತ್ತಿವೆ ಎಂಬುದಕ್ಕೆ ನೇರ ಸಾಕ್ಷಿ ಸಿಕ್ಕಿತು. ಅದು ಕ್ಷಯಿಸಿದರೆ ಆಗುವುದು ರುಥೇನಿಯಮ್-99. 2004ರಲ್ಲಿ ಸವಿನಾ ಮತ್ತು ಸಂಗಡಿಗರು ಶಿಕಾಗೊ ಬಳಿಯ ಆರ್ಗಾನ್ ಪ್ರಯೋಗಾಲಯದಲ್ಲಿ ಸಿಲಿಕಾನ್ ಕಾರ್ಬೈಡ್ ಕಣಗಳ ರುಥೇನಿಯಮ್ ಅಳೆದರು. 99 ತೂಕದ್ದು ಎಷ್ಟಿರಬೇಕಿತ್ತೋ ಅದಕ್ಕಿಂತ ಹೆಚ್ಚಿತ್ತು. ಕಣ ಗಟ್ಟಿಯಾಗುವಾಗ ಅದರಲ್ಲಿ ಜೀವಂತ ಟೆಕ್ನೀಷಿಯಮ್ ಇತ್ತು ಎಂದರೆ ಮಾತ್ರ ಆ ಹೆಚ್ಚಳಕ್ಕೆ ಅರ್ಥ.

ಖನಿಜ, ಇಂಗಾಲ, ಮಾಲಿಬ್ಡಿನಮ್, ರುಥೇನಿಯಮ್ ನಾಲ್ಕನ್ನೂ ಒಟ್ಟಿಗೆ ಸರಿದೂಗಿಸುವ ನಕ್ಷತ್ರ ಬೇರೊಂದು ಸಿಗುವುದಿಲ್ಲ. ಇದನ್ನು ಊಹೆ ಎನ್ನಲಾಗದು.

ಇನ್ನು ಸಿಡಿದ ನಕ್ಷತ್ರಗಳ, ಅಂದರೆ ಸೂಪರ್‌ನೋವಾಗಳ ಕಣಗಳು. ಸಿಲಿಕಾನ್ ಕಾರ್ಬೈಡ್‌ನಲ್ಲಿ ನೂರಕ್ಕೆ ಒಂದರಷ್ಟು ಕಣಗಳನ್ನು ಎಕ್ಸ್ ಕಣಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಸಿಲಿಕಾನ್-28 ವಿಪರೀತ ಹೆಚ್ಚು. ಅದು ಹುಟ್ಟುವುದು ಭಾರೀ ನಕ್ಷತ್ರದ ಆಳದಲ್ಲಿ, ಆಮ್ಲಜನಕವೇ ಉರಿಯುವ ಕಡೆ. ಅಷ್ಟರಿಂದಲೇ ಸೂಪರ್‌ನೋವಾ ಮೇಲೆ ಸಂಶಯ ಬಂದಿತ್ತು. ಸಂಶಯವನ್ನು ನಿಶ್ಚಯ ಮಾಡಿದ್ದು ಟೈಟಾನಿಯಮ್-44. ಇದರ ಅರ್ಧಾಯುಷ್ಯ ಸುಮಾರು 60 ವರ್ಷ. ಎಜಿಬಿ ನಕ್ಷತ್ರಗಳಲ್ಲಿ ಇದು ತಯಾರಾಗುವುದಿಲ್ಲ; ಸ್ಫೋಟದ ಆಳದಲ್ಲಿ ತಯಾರಾಗುತ್ತದೆ, ಕ್ಷಯಿಸಿ ಕ್ಯಾಲ್ಷಿಯಮ್-44 ಆಗುತ್ತದೆ. ಸೂಪರ್‌ನೋವಾ ಧೂಳಿನಲ್ಲಿ ಇದರ ಕುರುಹು ಸಿಗಬೇಕು ಎಂದು ಡೊನಾಲ್ಡ್ ಕ್ಲೇಟನ್ 1970ರ ದಶಕದಲ್ಲೇ, ಒಂದು ಕಣವೂ ಕೈಗೆ ಬರುವ ಮೊದಲು, ಬರೆದಿದ್ದರು. 1996ರಲ್ಲಿ ಎಕ್ಸ್ ಕಣಗಳಲ್ಲೂ ಕೆಲವು ಗ್ರಾಫೈಟ್ ಕಣಗಳಲ್ಲೂ ಕ್ಯಾಲ್ಷಿಯಮ್-44ರ ದೊಡ್ಡ ಹೆಚ್ಚಳ ಸಿಕ್ಕಿತು, ಅದೂ ಕಣದಲ್ಲಿ ಟೈಟಾನಿಯಮ್ ದಟ್ಟವಾಗಿರುವ ಜಾಗದಲ್ಲೇ. ಅರವತ್ತು ವರ್ಷದ ಅರ್ಧಾಯುಷ್ಯವಿರುವ ಧಾತು ಕ್ಷಯಿಸುವ ಮೊದಲೇ ಕಣದೊಳಗೆ ಸೇರಿಕೊಂಡಿತ್ತು ಎಂದರೆ ಸ್ಫೋಟವಾಗಿ ಕೆಲವೇ ವರ್ಷ ಅಥವಾ ದಶಕಗಳಲ್ಲಿ ಕಣ ಹುಟ್ಟಿರಬೇಕು. ಕ್ಯಾಸಿಯೋಪಿಯ ಎ ಎಂಬ ಸೂಪರ್‌ನೋವಾ ಅವಶೇಷದಿಂದ ಟೈಟಾನಿಯಮ್-44 ಹೊಮ್ಮಿಸುವ ಗಾಮಾ ಕಿರಣಗಳನ್ನು ದೂರದರ್ಶಕಗಳು ನೇರವಾಗಿಯೇ ಕಂಡಿವೆ. ಇನ್ನೂ ಚುರುಕಾದ ಗಡಿಯಾರ ವೆನೇಡಿಯಮ್-49, ಅರ್ಧಾಯುಷ್ಯ 330 ದಿನ. ಅದರ ಕುರುಹನ್ನು ಅಳೆದ ನಾನ್ ಲಿಯು ಮತ್ತು ಸಂಗಡಿಗರು 2018ರಲ್ಲಿ, ಸ್ಫೋಟವಾಗಿ ಕನಿಷ್ಠ ಎರಡು ವರ್ಷವಾದ ಮೇಲೆ ಈ ಕಣಗಳು ಗಟ್ಟಿಯಾದವು ಎಂದು ತೋರಿಸಿದರು.

ಗ್ರಾಫೈಟ್ ಕಣಗಳು ಹುಟ್ಟಿದ ಕ್ರಮವನ್ನೂ ಹೇಳುತ್ತವೆ. ದುಂಡಗಿನ ಗ್ರಾಫೈಟ್ ಕಣವನ್ನು ನೂರು ನ್ಯಾನೊಮೀಟರ್ ಆಸುಪಾಸಿನ ತೆಳು ಹಾಳೆಗಳಾಗಿ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟರೆ, ಕೆಲವದರ ನಟ್ಟನಡುವೆ ಟೈಟಾನಿಯಮ್ ಕಾರ್ಬೈಡ್‌ನ ಪುಟ್ಟ ಹರಳು ಕಾಣುತ್ತದೆ. ಅದರ ಸುತ್ತ ಗ್ರಾಫೈಟ್ ಪದರದ ಮೇಲೆ ಪದರವಾಗಿ ಕೂತಿದೆ. ಅಂದರೆ ತಣಿಯುತ್ತಿದ್ದ ಅನಿಲದಲ್ಲಿ ಮೊದಲು ಗಟ್ಟಿಯಾದದ್ದು ಆ ಹರಳು, ಗ್ರಾಫೈಟ್ ಬೆಳೆದದ್ದು ಆಮೇಲೆ. ಇದರಿಂದ ಆ ಜಾಗದ ಉಷ್ಣತೆ, ಒತ್ತಡ, ಇಂಗಾಲ-ಆಮ್ಲಜನಕದ ಪ್ರಮಾಣ ಎಲ್ಲಕ್ಕೂ ಮಿತಿ ಹಾಕಬಹುದು. ಎಷ್ಟೋ ಕೋಟಿ ಕೋಟಿ ಕಿಲೊಮೀಟರ್ ಆಚೆ ನಕ್ಷತ್ರವೊಂದರ ಗಾಳಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ನಡೆಯಿತು ಎಂಬುದನ್ನು ಮೇಜಿನ ಮೇಲೆ ಇಟ್ಟು ಓದುವುದೆಂದರೆ ಇದು. ನನಗೆ ಈ ವಿಷಯದಲ್ಲಿ ಎಂದೂ ಬೆರಗು ತಗ್ಗಿಲ್ಲ.

ಎಲ್ಲ ಗಂಟುಗಳೂ ಬಿಚ್ಚಿಕೊಂಡಿವೆ ಎಂದಲ್ಲ. ಸೂಪರ್‌ನೋವಾ ಕಣಕ್ಕೆ ಆಳದ ಸಿಲಿಕಾನ್ ಬೇಕು, ಮೇಲಿನ ಪದರದ ಇಂಗಾಲವೂ ಬೇಕು. ನಡುವೆ ಆಮ್ಲಜನಕದ ದಪ್ಪ ಪದರವಿದೆ. ಅದು ಬೆರೆಯದೆ ಮೇಲಿನದೂ ಕೆಳಗಿನದೂ ಮಾತ್ರ ಹೇಗೆ ಕೂಡಿದವು ಎಂಬ ಚರ್ಚೆ ನಡೆದೇ ಇದೆ. ಇಂಗಾಲದ ಅನುಪಾತ 10ಕ್ಕಿಂತ ಕಡಿಮೆ ಇರುವ ಕಣಗಳ ಮೂಲದ ಬಗ್ಗೆ ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳಿವೆ. ಇನ್ನು ಮೊದಲಿಗೆ ಸಿಕ್ಕ ವಜ್ರಗಳ ಕತೆ ಹೀಗಿದೆ: ಒಂದೊಂದರಲ್ಲಿ ಸುಮಾರು ಸಾವಿರ ಪರಮಾಣುಗಳಷ್ಟೇ ಇರುವುದರಿಂದ ಒಂದನ್ನೇ ಹಿಡಿದು ಅಳೆಯಲಾಗುವುದಿಲ್ಲ, ಕೋಟಿಗಟ್ಟಲೆ ಒಟ್ಟಿಗೆ ಅಳೆದರೆ ಇಂಗಾಲದ ಅನುಪಾತ ನಮ್ಮದರ ಹತ್ತಿರವೇ ಬರುತ್ತದೆ. ಅವುಗಳಲ್ಲಿ ಎಷ್ಟು ನಕ್ಷತ್ರಗಳವು, ಎಷ್ಟು ಸೌರವ್ಯೂಹದಲ್ಲೇ ಹುಟ್ಟಿದವು ಎಂಬುದು ತೀರ್ಮಾನವಾಗಿಲ್ಲ.

ಸೂರ್ಯನಿಗಿಂತ ಹಳೆಯದು ಎಂದರೆ ಎಷ್ಟು ಹಳೆಯದು? ನಮ್ಮ ಸೌರವ್ಯೂಹದ ವಯಸ್ಸು ಸುಮಾರು 456 ಕೋಟಿ ವರ್ಷ. ಕಣ ನಕ್ಷತ್ರಗಳ ನಡುವೆ ಅಲೆಯುವಾಗ ವಿಶ್ವಕಿರಣಗಳು ಅದನ್ನು ಬಡಿಯುತ್ತಿರುತ್ತವೆ, ಬಡಿದಾಗ ಅದರೊಳಗೆ ನಿಯಾನ್-21 ಹುಟ್ಟಿ ಕೂಡಿಕೊಳ್ಳುತ್ತದೆ. ಅದು ಎಷ್ಟಿದೆ ಎಂದು ಅಳೆದರೆ ಕಣ ಎಷ್ಟು ಕಾಲ ಅಲೆಯಿತು ಎಂಬುದು ತಿಳಿಯುತ್ತದೆ; ಅದಕ್ಕೆ ಸೌರವ್ಯೂಹದ ವಯಸ್ಸನ್ನು ಕೂಡಿಸಿದರೆ ಕಣದ ವಯಸ್ಸು. ಶಿಕಾಗೊದ ಫೀಲ್ಡ್ ವಸ್ತುಸಂಗ್ರಹಾಲಯದ ಫಿಲಿಪ್ ಹೆಕ್ ಮತ್ತು ಸಂಗಡಿಗರು ಮರ್ಚಿಸನ್‌ನ 40 ದೊಡ್ಡ ಕಣಗಳನ್ನು ಹೀಗೆ ಅಳೆದು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನವು 460ರಿಂದ 490 ಕೋಟಿ ವರ್ಷದವು. ಅತಿ ಹಳೆಯದು ಸುಮಾರು 700 ಕೋಟಿ ವರ್ಷದ್ದು. ಭೂಮಿಯ ಮೇಲೆ ವಯಸ್ಸು ತಿಳಿದಿರುವ ಗಟ್ಟಿ ವಸ್ತುಗಳಲ್ಲಿ ಇದಕ್ಕಿಂತ ಹಳೆಯದು ಇಲ್ಲ.

ಈ ಕೆಲಸ ಮರ್ಚಿಸನ್‌ಗೇ ನಿಂತಿಲ್ಲ. ಜಪಾನಿನ ಹಯಾಬುಸಾ-2 ನೌಕೆ 2020ರ ಡಿಸೆಂಬರ್‌ನಲ್ಲಿ ರ್ಯುಗು ಕ್ಷುದ್ರಗ್ರಹದಿಂದ ತಂದ ಮಣ್ಣಿನಲ್ಲೂ ಇಂಥ ಕಣಗಳು ಸಿಕ್ಕಿವೆ. ನಮ್ಮ ದೇಶದಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಇವುಗಳ ಅಧ್ಯಯನ ನಡೆದಿದೆ. 2017ರ ಜೂನ್ 6ರಂದು ಜೈಪುರದ ಬಳಿ ಮುಕುಂದಪುರದಲ್ಲಿ ಬಿದ್ದದ್ದು ಮರ್ಚಿಸನ್ ಜಾತಿಯದೇ ಉಲ್ಕಾಶಿಲೆ. ಕಣಗಳನ್ನು ತಾಳೆ ನೋಡಲು ಬೇಕಾದ ಇನ್ನೊಂದು ಅರ್ಧ, ಅಂದರೆ ಬದುಕಿರುವ ನಕ್ಷತ್ರಗಳ ಅಳತೆ, ಬೆಂಗಳೂರಿನಿಂದಲೂ ಬರುತ್ತಿದೆ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್‌ನ ವಿಜ್ಞಾನಿಗಳು ಇಂಗಾಲ, ಬೇರಿಯಮ್ ಹೆಚ್ಚಿರುವ ನಕ್ಷತ್ರಗಳನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿದ್ದಾರೆ. ಲಡಾಖ್‌ನ ಹಾನ್ಲೆಯಲ್ಲಿರುವ ಅವರ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ.

ಆ ನಕ್ಷತ್ರವನ್ನು ನೋಡಿದವರಿಲ್ಲ ಎಂದು ಕೇಳಿದ್ದೀರಿ. ಇನ್ನು ನೋಡುವವರೂ ಇಲ್ಲ. ಕಣಗಳನ್ನು ಚೆಲ್ಲಿದ ಎಜಿಬಿ ನಕ್ಷತ್ರಗಳು ಎಂದೋ ಹೊರಮೈ ಕಳೆದುಕೊಂಡು ಪುಟ್ಟ ಶ್ವೇತಕುಬ್ಜಗಳಾಗಿ, ಆಕಾಶಗಂಗೆಯಲ್ಲಿ ಎಲ್ಲೋ ತಣ್ಣಗಾಗುತ್ತಿವೆ. ಹಾಗಿದ್ದರೂ ಈ ಹುಡುಕಾಟ ಯಾಕೆ ಮುಖ್ಯ ಎಂದರೆ, ನಮ್ಮ 89 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಸಿಗುವುದು ಇಲ್ಲಿ. ಒಂದು ನಕ್ಷತ್ರ 50 ಕೊಟ್ಟಿತು, ಒಂದು 5 ಕೊಟ್ಟಿತು, ಇನ್ನೊಂದು ಸಾವಿರ ಕೊಟ್ಟಿತು. ಇಂಥ ಅಸಂಖ್ಯ ನಕ್ಷತ್ರಗಳ ಕೊಡುಗೆ ಬೆರೆತು ಸರಾಸರಿ 89 ಆಯಿತು. ನಮ್ಮ ಮೈಯ ಇಂಗಾಲವೂ ಆ ಬೆರಕೆಯದೇ. ಅದರಲ್ಲಿ ಯಾರ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಇನ್ನು ಸಾಧ್ಯವಿಲ್ಲ. ಬೆರೆಯದೆ ಉಳಿದ ಈ ಕೆಲವೇ ಕಣಗಳಿಂದಾಗಿ, ಆ ಲೆಕ್ಕದಲ್ಲಿ ಯಾವ ಯಾವ ಸಂಖ್ಯೆಗಳಿದ್ದವು ಎಂಬುದಾದರೂ ನಮಗೆ ತಿಳಿದಿದೆ.